ಗುಂಡಿಯವರ ಮನೆಯ ಮೆಟ್ಟಿಲು

ಫೆಬ್ರವರಿ ೩

ಅಕ್ಕಾ,

ಬೆಟ್ಟದ ಮೇಲಿನ ಈ ಊರಿಗೆ ಬಂದು ವಾರವಾಯಿತು. ಊರು ಅಂದರೆ ಇಲ್ಲಿ ಒಂದೇ ಒಂದು ದೊಡ್ಡ ಮೆಟ್ಟಿಲಸಾಲು. ಅದರ ಎಡಬಲಕ್ಕೆ ಮನೆಗಳು ಅಂಟಿಕೊಂಡಿವೆ. ಹಾಲಿನವನು, ಅಂಚೆಯವನು, ಶಾಲೆಯ ಹೆಡ್‌ಮಾಸ್ಟರು ಎಲ್ಲರ ಮೀನಖಂಡವೂ ಕುಸ್ತಿಪಟುವಿನದ್ದರ ಹಾಗಿದೆ. ನಾನೊಬ್ಬ ಬಡಪಾಯಿ ಕ್ಯಾಮೆರಾ ಹೊತ್ತು ತೇಕುತ್ತಾ ಅವರ ಹಿಂದೆ ಹತ್ತುತ್ತೇನೆ.

ಕೆಲಸ ಮಾತ್ರ ಚೆನ್ನಾಗಿ ಸಾಗಿದೆ. ಶಾಲೆ, ಆಸ್ಪತ್ರೆ, ನ್ಯಾಯಾಲಯ ಮೂರರ ಮೆಟ್ಟಿಲುಗಳ ಪಟ ತೆಗೆದು ಮುಗಿಯಿತು. ಇನ್ನು ಪಟಗಳು ನಮ್ಮ ತಪಾಸಣೆ ಕಚೇರಿಗೆ ಹೋಗುತ್ತವೆ. ಅಲ್ಲಿ ಜೀವಮಾನದಲ್ಲಿ ಲಿಫ್ಟ್ ಬಿಟ್ಟು ಇಳಿಯದ ಒಬ್ಬ ಸಾಹೇಬರು ಅವನ್ನು ನೋಡಿ ‘ಇದನ್ನು ಒಡೆದು ಕಟ್ಟಿ’, ‘ಇದಕ್ಕೆ ಹಿಡಿದುಕೊಳ್ಳಲು ಕಂಬಿ ಹಾಕಿಸಿ’ ಎಂದು ಬರೆಯುತ್ತಾರೆ.

ನಿನ್ನ ಫೋಟೊದಲ್ಲಿ ಜನ ಯಾಕಿಲ್ಲ ಎಂದು ಪ್ರತಿ ಸಲ ಕೇಳುತ್ತೀಯ. ಜನರಿದ್ದರೆ ನೋಡುವವರ ಕಣ್ಣು ಜನರ ಮೇಲೇ ಹೋಗುತ್ತದೆ ಅಕ್ಕಾ. ಮೆಟ್ಟಿಲ ಮೇಲೆ ಮೆಟ್ಟಿಲು ಬಿಟ್ಟು ಬೇರೇನೂ ಇರಬಾರದು ಎಂಬುದು ನನ್ನ ಕಟ್ಟುನಿಟ್ಟು. ಹೂಕುಂಡ, ಪೊರಕೆ, ಚಪ್ಪಲಿ, ಮಲಗಿದ ಬೆಕ್ಕು, ಎಲ್ಲವನ್ನೂ ಎತ್ತಿ ಆಚೆ ಇಟ್ಟ ಮೇಲೆಯೇ ನಾನು ಕ್ಯಾಮೆರಾ ಮುಟ್ಟುವುದು. ಬೆಕ್ಕು ಪರಚಿದ್ದೂ ಇದೆ. ಇನ್ನೊಂದು, ಕ್ಯಾಮೆರಾ ಎದೆಮಟ್ಟದಲ್ಲಿರಬೇಕು. ನೆಲಕ್ಕೆ ಹಚ್ಚಿ ಮೇಲಕ್ಕೆ ತಿರುಗಿಸಿದರೆ ಎಂಥ ಸಾಧು ಮೆಟ್ಟಿಲೂ ಕೋಟೆಗೋಡೆಯಾಗಿ ಕಾಣುತ್ತದೆ. ಹೊಸಬರು ಹಾಗೆ ಮಾಡಿ ಕಚೇರಿಯಿಂದ ಬೈಸಿಕೊಳ್ಳುತ್ತಾರೆ. ನಾನು ಹದಿನೈದು ವರ್ಷದಲ್ಲಿ ಒಮ್ಮೆಯೂ ಬೈಸಿಕೊಂಡಿಲ್ಲ.

ಶಾಲೆಯ ಪಟವೊಂದು ಇದರ ಜೊತೆಗಿದೆ. ಬಲಗಡೆಯ ಅಂಚು ಮಾತ್ರ ಸವೆದಿದೆ ನೋಡು. ಮಕ್ಕಳು ಗೋಡೆ ಸವರಿಕೊಂಡೇ ಇಳಿಯುತ್ತಾರೆ. ಮುಂದಿನ ಊರು ಬಂದರಿನದು, ಅಲ್ಲಿನ ಅಂಚೆ ಕಚೇರಿಗೆ ಬರೆ. ನನ್ನ ಎರಡು ಅಂಗಿಗಳ ಗುಂಡಿ ಕಿತ್ತುಹೋಗಿವೆ. ಮನೆಗೆ ಬಂದಾಗ ನೀನೇ ಹಾಕಿಕೊಡಬೇಕು.

ನಿನ್ನ ತಮ್ಮ


ಫೆಬ್ರವರಿ ೧೧

ತಮ್ಮಾ,

ಕಾಗದ, ಪಟ ಎರಡೂ ತಲುಪಿದವು. ಪಟವನ್ನು ಹೊಲಿಗೆ ಮಿಷನ್ನಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಬಟ್ಟೆ ಕೊಡಲು ಬಂದವರೆಲ್ಲ ಇದ್ಯಾವ ಊರು, ಜನರೆಲ್ಲ ಓಡಿಹೋದರಾ ಎಂದು ಕೇಳುತ್ತಾರೆ. ನನ್ನ ತಮ್ಮ ಕ್ಯಾಮೆರಾ ಹಿಡಿದು ಬಂದರೆ ಬೆಕ್ಕೂ ಓಡಿಹೋಗುತ್ತದೆ ಎಂದಿದ್ದೇನೆ.

ನೀನು ಬಂದರಿಗೆ ಹೋಗುವುದು ಒಳ್ಳೆಯದೇ ಆಯಿತು. ಅಲ್ಲಿ ನನ್ನದೊಂದು ಕೆಲಸವಿದೆ. ನಮ್ಮ ಅಂಗಡಿಗೆ ಗುಂಡಿ ತಂದುಕೊಡುತ್ತಿದ್ದವರು ನಿನಗೆ ನೆನಪಿರಬೇಕು. ಉದ್ದನೆಯ ಮನುಷ್ಯ, ಮೆಲ್ಲಗೆ ಮಾತು, ಚಿಪ್ಪಿನ ಗುಂಡಿಗಳನ್ನು ಅಂಗೈ ಮೇಲೆ ಸುರಿದು ಬೆಳಕಿಗೆ ಹಿಡಿದು ತೋರಿಸುವವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಈಗ ತಿರುಗಾಟ ಬಿಟ್ಟು ಬಂದರಿನಲ್ಲೇ ಅಂಗಡಿ ಹಾಕಿ ಕೂತಿದ್ದಾರೆ. ಮೀನುಮಾರುಕಟ್ಟೆಯ ಹಿಂದಿನ ಓಣಿ; ಕೆಳಗೆ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ, ಮೆಟ್ಟಿಲು ಅಂಗಳದ ಕಡೆಯಿಂದ. ಅವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ.

ನಿಂತಲ್ಲೇ ಉರುಳಬೇಡ. ನನಗೆ ಐವತ್ತೆರಡು ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ನನ್ನ ಮೊಣಕಾಲಿನ ಕಥೆ ನಿನಗೆ ತಿಳಿದದ್ದೇ. ಮೂರು ಮಹಡಿ ದಿನಾ ಹತ್ತಿ ಇಳಿಯುವುದು ಆಗುತ್ತದೆಯೇ ಎಂದು ಹೇಳಲು ನಿನಗಿಂತ ಬಲ್ಲವರು ಯಾರಿದ್ದಾರೆ? ಹೋಗು, ಮೇಲಿನವರೆಗೂ ಹತ್ತು, ಪಟ ತೆಗೆ. ಆ ಮೆಟ್ಟಿಲು ನನಗೆ ಆಗಿಬರುತ್ತದೆಯೋ ಇಲ್ಲವೋ ಬರೆ. ಇದೇ ಇಪ್ಪತ್ತಕ್ಕೆ ನೀನು ಬರುತ್ತೀಯ ಎಂದು ಅವರಿಗೆ ತಿಳಿಸಿದ್ದೇನೆ.

ಅಂಗಿಯ ಗುಂಡಿ ನಾನು ಹಾಕುತ್ತೇನೆ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಅಲ್ಲೇ ಕೇಳು, ಅವರ ಹತ್ತಿರ ಬೇಕಾದಷ್ಟಿವೆ.

ಅಕ್ಕ


ಫೆಬ್ರವರಿ ೨೪

ಅಕ್ಕಾ,

ನೀನು ಹೇಳಿದ ಮನೆಗೆ ಹೋಗಿಬಂದೆ. ಇದನ್ನು ಕೆಲಸ ಬಲ್ಲವನಾಗಿ ಬರೆಯುತ್ತಿದ್ದೇನೆ, ತಮ್ಮನಾಗಿ ಅಲ್ಲ.

ಮೆಟ್ಟಿಲು ಕಲ್ಲಿನದು, ಹಳೆಯದು. ಏರು ಬಹಳ ಕಡಿದು. ಸಮುದ್ರದ ಗಾಳಿಗೆ ಕಂಬಿ ತುಕ್ಕು ಹಿಡಿದಿದೆ. ಮಳೆ ಬಂದರೆ ನೀರೆಲ್ಲ ಮೆಟ್ಟಿಲ ಮೇಲೇ ಹರಿಯುತ್ತದೆ. ಪಟ ಕಳಿಸಿದ್ದೇನೆ, ನೋಡಿದರೆ ನಿನಗೇ ಗೊತ್ತಾಗುತ್ತದೆ. ಕೆಳಗೆ ನಿಂತು ಕತ್ತೆತ್ತಿದರೆ ನನಗೇ ತಲೆ ತಿರುಗಿತು, ಇನ್ನು ನಿನ್ನ ಮೊಣಕಾಲಿನ ಗತಿ ಏನು?

ಮೇಲೆ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತಟ್ಟಿದೆ, ಕಾದೆ, ಇಳಿದು ಬಂದೆ. ನಾನು ಯಾರ ಮೇಲೂ ದೂರು ಹೇಳುವವನಲ್ಲ. ಆದರೂ ಬರುವವರಿದ್ದಾರೆ ಎಂದು ತಿಳಿದೂ ಮನೆಯಲ್ಲಿರದ ಮನುಷ್ಯ ಎಂಥವನು ಎಂದು ನೀನೇ ಯೋಚಿಸು.

ನಮ್ಮದು ನೆಲದ ಮೇಲಿನ ಮನೆ. ಹೊಸ್ತಿಲು ಬಿಟ್ಟರೆ ದಾಟಬೇಕಾದ್ದು ಏನೂ ಇಲ್ಲ. ಈ ಸಲ ಬಂದಾಗ ಹಿತ್ತಿಲ ಗೋಡೆಗೆ ಸುಣ್ಣ ಹೊಡೆಸೋಣ. ನಿನಗೊಂದು ಹೊಸ ಮಿಷನ್ನೂ ನೋಡಿಟ್ಟಿದ್ದೇನೆ, ಕಾಲು ತುಳಿಯುವ ಕೆಲಸವೇ ಇಲ್ಲ, ಕರೆಂಟಿನಲ್ಲಿ ಓಡುತ್ತದೆ.

ನಿನ್ನ ತಮ್ಮ


ಮಾರ್ಚ್ ೨

ತಮ್ಮಾ,

ಪಟ ಬಂತು. ಭಯವಾಗುವ ಹಾಗೇ ಇದೆ.

ಮೇಲಿನ ಬಾಗಿಲು ತಟ್ಟಿದೆ ಎಂದು ಬರೆದಿದ್ದೀಯ. ಅದರ ಬಣ್ಣ ಯಾವುದು? ಸುಮ್ಮನೆ ಕೇಳಿದೆ. ಪರದೆ ಹೊಲಿಯುವವಳಿಗೆ ಬಾಗಿಲಿನ ಬಣ್ಣ ಗೊತ್ತಿದ್ದರೆ ಒಳ್ಳೆಯದು.

ಅಕ್ಕ


ಮಾರ್ಚ್ ೯

ಅಕ್ಕಾ,

ಬಾಗಿಲಿನ ಬಣ್ಣಕ್ಕೂ ಮೊಣಕಾಲಿಗೂ ಏನು ಸಂಬಂಧ? ಕಂದು. ಎಲ್ಲರ ಮನೆಯ ಬಾಗಿಲಿನ ಹಾಗೆ ಕಂದು.

ಪರದೆ ಎಂದೆಯಲ್ಲ, ಆ ಮಾತು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಸುತ್ತಿ ಬಳಸಿ ಮಾತಾಡಿ ನನಗೆ ಅಭ್ಯಾಸವಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಅಮ್ಮ ಹೋದಾಗ ನಾನು ಎಂಟು ವರ್ಷದವನು, ನಿನಗೆ ಇಪ್ಪತ್ತು. ನನಗಾಗಿ ನೀನು ಬಂದ ಗಂಡುಗಳನ್ನೆಲ್ಲ ಬೇಡ ಅಂದೆ. ಆ ಋಣ ನನ್ನ ತಲೆಯ ಮೇಲಿದೆ. ನಿನ್ನನ್ನು ಕೂರಿಸಿ ನೋಡಿಕೊಳ್ಳುವ ಕಾಲ ನನಗೆ ಬಂದಿರುವಾಗ ನೀನು ಯಾರದೋ ಮೂರನೇ ಮಹಡಿಗೆ ಹೊರಟು ನಿಂತಿದ್ದೀಯ.

ತಿಂಗಳುಗಟ್ಟಲೆ ಊರೂರು ಸುತ್ತುವವನು ನಾನು. ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನೀನೇ ನಗುತ್ತಿದ್ದೆ. ಎಲ್ಲಿ ಸುತ್ತಿದರೂ ಕೊನೆಗೆ ಬಂದು ಸೇರುವುದು ನೀನಿರುವ ಕಡೆಗೆ. ನೀನೇ ಅಲ್ಲಿಂದ ಎದ್ದು ಹೋದರೆ ನಾನು ಎಲ್ಲಿಗೆ ಬರಲಿ?

ನಿನ್ನ ತಮ್ಮ


ಮಾರ್ಚ್ ೧೬

ತಮ್ಮಾ,

ಬಾಗಿಲು ಹಸಿರು. ದೋಣಿಗೆ ಬಳಿದು ಉಳಿದ ಬಣ್ಣವಂತೆ, ಕಣ್ಣಿಗೆ ರಾಚುವಂಥ ಹಸಿರು. ಒಮ್ಮೆ ನೋಡಿದವರು ಅದನ್ನು ಸತ್ತರೂ ಕಂದು ಎನ್ನಲಾರರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲದ ಮೇಲೆ ಕಾಲಿಟ್ಟಿದ್ದಳು. ನನ್ನ ತಮ್ಮ ಮೊದಲ ತಿರುವನ್ನೂ ದಾಟದೆ ಮೆಟ್ಟಿಲು ಕಡಿದು ಎಂದ.

ನನಗೆ ಹೇಗೆ ಗೊತ್ತು ಅನ್ನುತ್ತೀಯ? ಡಿಸೆಂಬರಿನಲ್ಲಿ ಲೈನಿಂಗ್ ಬಟ್ಟೆ ತರಲು ಹೋಗುತ್ತೇನೆ ಎಂದು ಬರೆದಿದ್ದೆನಲ್ಲ, ಆಗ ಆ ಮೆಟ್ಟಿಲು ಹತ್ತಿದ್ದೇನೆ. ಜನವರಿಯಲ್ಲಿ ಮತ್ತೊಮ್ಮೆ. ಮೆಟ್ಟಿಲು ಹೇಗಿದೆ ಎಂದು ತಿಳಿಯಲು ನನಗೆ ನಿನ್ನ ಕ್ಯಾಮೆರಾ ಬೇಕಿರಲಿಲ್ಲ. ನೀನು ಆ ಮನುಷ್ಯನನ್ನು ನೋಡಲಿ ಎಂದು ಕಳಿಸಿದೆ. ‘ಹೋಗಿ ಮಾತಾಡಿಸು’ ಎಂದು ಬರೆದಿದ್ದರೆ ಮುಖ ಊದಿಸಿಕೊಂಡು ಬೇರೆ ಊರಿನ ರೈಲು ಹತ್ತುತ್ತಿದ್ದೆ. ಮೆಟ್ಟಿಲು ಎಂದರೆ ಬೆಲ್ಲಕ್ಕೆ ಇರುವೆ ಬಂದ ಹಾಗೆ ಬರುತ್ತೀಯ ಅಂದುಕೊಂಡೆ. ಬರುವುದೇನೋ ಬಂದೆ.

ಅವರು ಅಂದು ಅಂಗಡಿಗೆ ಬೀಗ ಹಾಕಿ ಇಡೀ ದಿನ ಮೇಲೆ ಕಿಟಕಿಯ ಹತ್ತಿರ ಕೂತಿದ್ದರು. ನೀನು ಅಂಗಳಕ್ಕೆ ಬಂದದ್ದು, ನೆಲದ ಮೇಲೆ ಬೋರಲು ಮಲಗಿ ಪಟ ತೆಗೆದದ್ದು, ಬಟ್ಟೆ ಕೊಡವಿಕೊಂಡು ಹೋದದ್ದು, ಎಲ್ಲ ನೋಡಿದ್ದಾರೆ. ಇದೆಲ್ಲ ನಾನು ಕೆದಕಿ ಕೇಳಿ ತಿಳಿದದ್ದು, ಅವರಾಗಿ ನನಗೆ ಬರೆದದ್ದು ಒಂದೇ ಸಾಲು: ‘ನಿಮ್ಮ ತಮ್ಮನವರಿಗೆ ಏನೋ ಅವಸರವಿತ್ತೆಂದು ಕಾಣುತ್ತದೆ, ಚಹಾಕ್ಕೆ ಎರಡು ಸಲ ನೀರಿಟ್ಟಿದ್ದೆ.’ ದೂರು ಹೇಳುವವನಲ್ಲ ಎಂದು ಶುರು ಮಾಡಿ ಯಾರು ದೂರಿದರು, ಯಾರು ದೂರಲಿಲ್ಲ ಎಂದು ನೀನೇ ಯೋಚಿಸು.

ಕ್ಯಾಮೆರಾ ನೆಲಕ್ಕೆ ಹಚ್ಚಿದರೆ ಏನಾಗುತ್ತದೆ ಎಂದು ಕಲಿಸಿಕೊಟ್ಟವನು ನೀನೇ. ಹದಿನೈದು ವರ್ಷದಲ್ಲಿ ಬೈಸಿಕೊಂಡಿಲ್ಲ ಎಂದೆಯಲ್ಲ, ಈಗ ಬೈಸಿಕೋ.

ಇದಕ್ಕಿಂತ ದೊಡ್ಡ ತಪ್ಪೊಂದು ಮಾಡಿದ್ದೀಯ, ಅದು ನಿನ್ನ ಗಮನಕ್ಕೂ ಬಂದಿರಲಿಕ್ಕಿಲ್ಲ. ಮೊದಲನೇ ತಿರುವಿನಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ನಿನ್ನ ಪಟದಲ್ಲಿ ಅದಿಲ್ಲ. ಹೂಕುಂಡ, ಬೆಕ್ಕು ಎತ್ತಿಡುವ ಹಾಗೆ ಅದನ್ನೂ ಎತ್ತಿ ಅಂಗಳದ ನಲ್ಲಿಯ ಪಕ್ಕ ಇಟ್ಟು, ವಾಪಸು ಇಡದೆ ಹೋದೆ. ಮುಂದೆ ಹತ್ತಿದ್ದರೆ ಅದರ ಮೇಲಿನ ತಿರುವುಗಳಲ್ಲೂ ಒಂದೊಂದು ನೋಡುತ್ತಿದ್ದೆ. ಡಿಸೆಂಬರಿನಲ್ಲಿ ಅವು ಇರಲಿಲ್ಲ. ನಾನು ತಿರುವಿನಲ್ಲಿ ಬರೀ ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡಿದ್ದೆ. ಜನವರಿಯಲ್ಲಿ ಹೋದಾಗ ಕುರ್ಚಿಗಳು ಬಂದಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ತಮಗೂ ಬೇಕಾಗುತ್ತದೆ ಎಂದರು. ಅವರು ಆ ಮೆಟ್ಟಿಲನ್ನು ಮೇಕೆಯ ಹಾಗೆ ಹತ್ತುತ್ತಾರೆ. ಆ ಮೆಟ್ಟಿಲು ನನಗೆ ಆಗಿಬರುತ್ತದೆಯೇ ಎಂದು ನಾನು ಕೇಳಿದ್ದೆ. ನೀನು ಉತ್ತರವನ್ನೇ ಎತ್ತಿ ನಲ್ಲಿಯ ಪಕ್ಕ ಇಟ್ಟು ಬಂದೆ.

ಇನ್ನು ಋಣದ ಮಾತು. ನಿನಗಾಗಿ ಗಂಡುಗಳನ್ನು ಬೇಡ ಅಂದೆ ಎಂದು ಯಾರು ಹೇಳಿದರು, ಚಿಕ್ಕಮ್ಮನಾ? ಒಬ್ಬ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಮಾತಾಡುತ್ತಿದ್ದ. ಇನ್ನೊಬ್ಬ ಬಂದು ಹೋಗುವವರೆಗೂ ಬಾಯಿಯೇ ಬಿಡಲಿಲ್ಲ. ಮತ್ತೊಬ್ಬ ಮಿಷನ್ ಮಾರಿಬಿಡು ಎಂದ. ಯಾರೂ ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದರೆ ಎಲ್ಲರೂ ಬುದ್ಧಿ ಹೇಳಲು ಬರುತ್ತಿದ್ದರು. ‘ತಮ್ಮ ಇನ್ನೂ ಚಿಕ್ಕವನು’ ಎಂದರೆ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ನೀನು ನನಗೆ ಹೊರೆಯಾಗಿರಲಿಲ್ಲ, ಒಳ್ಳೆಯ ನೆಪವಾಗಿದ್ದೆ. ಋಣ ಗಿಣ ಏನೂ ಇಲ್ಲ, ಅದನ್ನು ತಲೆಯಿಂದ ಇಳಿಸು. ಇವರು ನನಗೆ ಹಿಡಿಸಿದ್ದಾರೆ. ವಿಷಯ ಅಷ್ಟೇ.

ಏಪ್ರಿಲ್ ಇಪ್ಪತ್ತೆರಡಕ್ಕೆ ನೋಂದಣಿ ಕಚೇರಿಯಲ್ಲಿ ಸಹಿ. ಮಿಷನ್ ನನ್ನ ಜೊತೆ ಬರುತ್ತದೆ, ಅಲ್ಲಿಯೂ ಜನ ಬಟ್ಟೆ ತೊಡುತ್ತಾರೆ. ಮನೆ ನಿನಗೆ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುತ್ತದೆಯೇ ಅನ್ನುತ್ತಾರೆ, ಮದುವೆಯಾದರಂತೂ ಖಂಡಿತ ನಿಲ್ಲುವುದಿಲ್ಲ. ಅಷ್ಟರೊಳಗೆ ಹೋಗಿ ಅವರನ್ನು ನೋಡು. ನೀನು ಒಪ್ಪದಿದ್ದರೂ ನಾನು ಸಹಿ ಹಾಕುತ್ತೇನೆ. ಆದರೆ ಖುಷಿಯಿಂದ ಹಾಕಲಾರೆ.

ಅಕ್ಕ


ಏಪ್ರಿಲ್ ೪

ತಮ್ಮಾ,

ನಿನ್ನ ಕಾಗದವಿಲ್ಲ. ಅಂಚೆಯವನನ್ನು ಬೈಯೋಣವೆಂದರೆ ಪಕ್ಕದ ಅಂಗಡಿಯವರಿಗೆ ದಿನಾ ಟಪಾಲು ಬರುತ್ತಿದೆ.

ಬೈದದ್ದು ಹೆಚ್ಚಾಯಿತೇನೋ ಎಂದು ಒಂದು ದಿನ ಯೋಚಿಸಿದೆ. ಮರುದಿನ ನಿನ್ನ ಆ ಪಟ ಇನ್ನೊಮ್ಮೆ ನೋಡಿದೆ. ಇಲ್ಲ, ಸರಿಯಾಗೇ ಬೈದಿದ್ದೇನೆ. ಆದರೆ ನೀನು ಸುಮ್ಮನಿದ್ದರೆ ನನ್ನ ಕೈಗೆ ಕೆಲಸ ಹತ್ತುವುದಿಲ್ಲ. ನಿನ್ನೆ ಒಬ್ಬರ ಕೋಟಿಗೆ ಎರಡೂ ಎಡತೋಳು ಕತ್ತರಿಸಿಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಬೈದಾದರೂ ಬರೆ.

ಅಕ್ಕ


ಏಪ್ರಿಲ್ ೧೨

ಅಕ್ಕಾ,

ಮೊದಲು ಕೋಪವಿತ್ತು, ಬರೆಯಲಿಲ್ಲ. ಆಮೇಲೆ ನಾಚಿಕೆಯಾಯಿತು, ಅದಕ್ಕೂ ಬರೆಯಲಿಲ್ಲ. ಈ ನಡುವೆ ಗಣಿಯ ಊರೊಂದರಲ್ಲಿದ್ದೆ. ಅಲ್ಲಿನ ಮೆಟ್ಟಿಲುಗಳು ನೆಲದೊಳಕ್ಕೆ ಇಳಿಯುತ್ತವೆ. ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ತೆಗೆದ ಪಟಗಳೆಲ್ಲ ಮಸುಕಾಗಿ ಬಂದವು. ಕಚೇರಿಯಿಂದ ಬೈಗುಳವೂ ಬಂತು. ನಿನ್ನ ನಾಲಿಗೆಯಲ್ಲಿ ಏನೋ ಇದೆ.

ನಿನ್ನೆ ಬಂದರಿಗೆ ಹೋದೆ. ಕ್ಯಾಮೆರಾವನ್ನು ಲಾಡ್ಜಿನಲ್ಲೇ ಬಿಟ್ಟೆ. ಬರಿಗೈಯಲ್ಲಿ ಮೆಟ್ಟಿಲ ಮುಂದೆ ನಿಂತು ನನಗೆ ಅಭ್ಯಾಸವೇ ಇಲ್ಲ, ಕೈ ಎಲ್ಲಿಡಬೇಕೋ ತಿಳಿಯಲಿಲ್ಲ, ಕಂಬಿ ಹಿಡಿದೆ. ತುಕ್ಕು ಇರುವುದು ನಿಜ. ಉಳಿದದ್ದೆಲ್ಲ ನಾನು ಕಟ್ಟಿ ಹೇಳಿದ್ದು. ಅಗಲವಾದ, ತಗ್ಗಾದ, ಮಗುವೂ ಹತ್ತುವಂಥ ಮೆಟ್ಟಿಲು. ಅದನ್ನು ಗೋಡೆಯ ಹಾಗೆ ತೋರಿಸಲು ನಾನು ಎಷ್ಟು ಕಷ್ಟಪಟ್ಟಿದ್ದೆ ಅನ್ನುತ್ತೀಯ.

ಮೊದಲ ತಿರುವಿನಲ್ಲಿ ಬೆತ್ತದ ಕುರ್ಚಿ. ಅದರ ಮೇಲಿನ ತಿರುವಿನಲ್ಲಿ ಯಾವುದೋ ಶಾಲೆಯಿಂದ ಬಂದ ಗಿಡ್ಡ ಬೆಂಚು. ಕೊನೆಯ ತಿರುವಿನಲ್ಲಿ ಕ್ಷೌರದಂಗಡಿಯ ಹಳೆಯ ಕುರ್ಚಿ, ಇನ್ನೂ ತಿರುಗುತ್ತದೆ. ತಿರುವಿನಲ್ಲಿ ಸಾಮಾನು ಇಡುವುದು ನಿಯಮಕ್ಕೆ ವಿರುದ್ಧ. ಬೇರೆ ಯಾವ ಕಟ್ಟಡದಲ್ಲಾದರೂ ಕೆಂಪು ಶಾಯಿಯಲ್ಲಿ ‘ಅಡಚಣೆ’ ಎಂದು ಬರೆಯುತ್ತಿದ್ದೆ. ಇಲ್ಲಿ ಒಂದೊಂದರ ಮೇಲೂ ಕೂತೆ. ದಣಿವಾಗಿರಲಿಲ್ಲ, ಮೇಲೆ ಹೋಗಲು ಧೈರ್ಯ ಸಾಲದೆ ಕೂತೆ.

ನಾನು ತಟ್ಟುವ ಮೊದಲೇ ಹಸಿರು ಬಾಗಿಲು ತೆರೆಯಿತು. ಬನ್ನಿ, ನೀರಿಟ್ಟಿದ್ದೇನೆ ಎಂದರು. ಹಿಂದಿನ ಸಲದ ಮಾತೇ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಬಣ್ಣಕ್ಕೊಂದರಂತೆ ಗುಂಡಿಗಳು. ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳು ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

“ನಿಮ್ಮನ್ನ ಇಷ್ಟಪಡೋಕೆ ನನ್ನ ಕೈಲಿ ಆಗ್ತಿಲ್ಲ,” ಅಂದೆ. “ನೀವೇನೂ ತಪ್ಪು ಮಾಡಿಲ್ಲ. ಆದ್ರೂ ಆಗ್ತಿಲ್ಲ.”

ಅವರು ಲೋಟ ನನ್ನ ಕಡೆ ಸರಿಸಿದರು.

“ಪರವಾಗಿಲ್ಲ,” ಅಂದರು. “ಅವರನ್ನ ಇಷ್ಟಪಡೋರು ನಾವಿಬ್ಬರು ಇದೀವಲ್ಲ. ಶುರು ಮಾಡೋಕೆ ಅಷ್ಟು ಸಾಕು.”

ಇದಕ್ಕೆ ಏನು ಹೇಳುತ್ತೀಯ? ನಾನು ಚಹಾ ಕುಡಿದೆ. ನಿನಗೆ ಕೋಪ ಬಂದರೆ ಏನು ಮಾಡಬೇಕು ಎಂದು ಕೇಳಿದರು. ಏನು ಬೇಕಾದರೂ ಮಾಡಿ, ಸುಮ್ಮನೆ ಮಾತ್ರ ಇರಬೇಡಿ, ಎರಡೂ ಎಡತೋಳು ಕತ್ತರಿಸುತ್ತಾಳೆ ಎಂದೆ. ಇಬ್ಬರೂ ನಕ್ಕೆವು. ನಗುತ್ತಲೇ ನನ್ನ ಅಂಗಿ ಬಿಚ್ಚಿಸಿ, ಜಾಡಿಗಳಲ್ಲಿ ಹುಡುಕಿ, ಹೊಂದುವ ಗುಂಡಿ ಹಾಕಿಕೊಟ್ಟರು. ಹೊಲಿಗೆ ನಿನ್ನಷ್ಟು ಚೆನ್ನಾಗಿಲ್ಲ.

ಆ ಕಿಟಕಿಯಲ್ಲಿ ನಿಂತು ಹಡಗು ನೋಡುತ್ತಾ ನೀನು ಹಾಡಿದೆಯಂತೆ. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಸೂರಿನಡಿ ಇದ್ದೂ ನೀನು ಹಾಡಿದ್ದನ್ನು ನಾನು ಕೇಳಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ಇಳಿದು ಬರುವಾಗ ಆ ಉರಿ ಹಾಗೇ ಇತ್ತು. ಆದರೆ ನೀನು ಹಾಡುವಂಥ ಜಾಗವೊಂದು ಇದ್ದೂ ಅಲ್ಲಿಗೆ ಹೋಗಬೇಡ ಎನ್ನಲು ನಾನು ಯಾರು?

ಇಪ್ಪತ್ತೆರಡಕ್ಕೆ ಬರುತ್ತೇನೆ. ಸಾಕ್ಷಿಯ ಸಹಿ ನನ್ನದು. ನೀನು ಖುಷಿಯಿಂದ ಹಾಕು.

ನಿನ್ನ ತಮ್ಮ


ಮೇ ೧೮

ತಮ್ಮಾ,

ಮೊಣಕಾಲು ಚೆನ್ನಾಗಿದೆ. ಇಳಿಯುವಾಗ ಸ್ವಲ್ಪ ಗೊಣಗುತ್ತದೆ, ಹತ್ತುವಾಗ ಕ್ಷೌರದ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಬರುತ್ತೇನೆ. ಬೀದಿಯವರು ಹೊಲಿಸಲು ಬರತೊಡಗಿದ್ದಾರೆ. ಗುಂಡಿ ಕೊಳ್ಳಲು ಬಂದವರನ್ನು ಇವರು ಮೇಲಕ್ಕೆ ಕಳಿಸುತ್ತಾರೆ, ಹೊಲಿಸಲು ಬಂದವರನ್ನು ನಾನು ಕೆಳಕ್ಕೆ ಕಳಿಸುತ್ತೇನೆ.

ನೀನು ಸಹಿಯ ದಿನದಿಂದ ಮನೆಯ ಕಡೆ ತಲೆಯೇ ಹಾಕಿಲ್ಲವಂತೆ. ಲಾಡ್ಜಿನಿಂದ ಲಾಡ್ಜಿಗೆ ಹೋಗುತ್ತಿದ್ದೀಯ. ರಜೆ ಸಿಕ್ಕರೂ ಹೋಗಲಿಲ್ಲ ಎಂದು ನಿನ್ನ ಕಾಗದದ ಮೇಲಿನ ಊರುಗಳೇ ಹೇಳುತ್ತವೆ. ಇಲ್ಲಿಗೆ ಯಾವಾಗ ಬಂದರೂ ಹಸಿರು ಬಾಗಿಲು ತೆರೆಯುತ್ತದೆ. ಆದರೆ ಮೊದಲು ಅಲ್ಲಿಗೆ ಹೋಗು. ನಾನಿಲ್ಲದಿದ್ದರೆ ಅದು ಮನೆಯೇ ಅಲ್ಲ ಎಂದು ನೀನು ಬೀಗ ಹಾಕಿಬಿಟ್ಟರೆ, ನಾನು ನಿನ್ನನ್ನು ಬೆಳೆಸಿದ್ದು ಏನು ಸಾರ್ಥಕವಾಯಿತು?

ನಿನ್ನ ನೆನಪು ಬಹಳ ಆಗುತ್ತದೆ. ಇದನ್ನು ಬರೆದೇ ಹೇಳಬೇಕು, ಎದುರು ನಿಂತರೆ ಬೈಯುವುದೇ ಆಗುತ್ತದೆ.

ಅಕ್ಕ


ಜೂನ್ ೬

ಅಕ್ಕಾ,

ಮನೆಯಿಂದ ಬರೆಯುತ್ತಿದ್ದೇನೆ. ಈ ವಿಳಾಸದಿಂದ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು.

ಹಿತ್ತಿಲ ಗೋಡೆಗೆ ಸುಣ್ಣ ಹೊಡೆಯುವವರು ನಾಳೆ ಬರುತ್ತಾರೆ. ಮಿಷನ್ ಇದ್ದ ಜಾಗ ಖಾಲಿ ಕಾಣುತ್ತಿತ್ತು, ಅಲ್ಲಿ ಪಟ ತೊಳೆಯಲು ಒಂದು ಕತ್ತಲೆ ಗೂಡು ಮಾಡಿಸುತ್ತೇನೆ. ಇನ್ನು ಮುಂದೆ ಊರೂರಿನ ಸ್ಟುಡಿಯೋದವರಿಗೆ ಕಾಯುವ ಪಾಡಿಲ್ಲ. ಅನ್ನ ಮಾಡಿಕೊಂಡೆ. ತಳ ಹಿಡಿಯಿತು, ಮೇಲಿನದು ತಿಂದೆ. ನಿನ್ನ ಬೀರುವಿನಲ್ಲಿ ಉಳಿದ ಬಟ್ಟೆ ತುಂಡುಗಳನ್ನು ಮುಟ್ಟಿಲ್ಲ. ಕತ್ತರಿ ಮಾತ್ರ ಬಿಟ್ಟುಹೋಗಿದ್ದೀಯ, ಮುಂದಿನ ತಿಂಗಳು ಬರುವಾಗ ತರುತ್ತೇನೆ.

ಇನ್ನೊಂದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ನಿನ್ನಿಂದ ನಾನು ಮುಚ್ಚಿಟ್ಟದ್ದು ಯಾವುದು ತಾನೇ ನಿಂತಿದೆ?

ನಿನ್ನೆ ಸಂಜೆ ಬಸ್ಸಿಳಿದು ಬಂದವನು ಚೀಲ ಕೆಳಗಿಟ್ಟು ಬಾಗಿಲು ತಟ್ಟಿದೆ. ಯಾವಾಗಲೂ ತಟ್ಟುವ ಹಾಗೆ. ನಿನ್ನ ಮಿಷನ್ ನಿಲ್ಲುತ್ತದೆ, ನೀನು ಎದ್ದು ಬರುತ್ತೀಯ ಎಂದು ಕಾದು ನಿಂತೆ. ಮತ್ತೊಮ್ಮೆ ತಟ್ಟಿದೆ. ಬೀಗ ಕಣ್ಣೆದುರೇ ನೇತಾಡುತ್ತಿತ್ತು, ಅದರ ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ಎದುರುಮನೆಯ ಅಜ್ಜಿ, ಮಬ್ಬಿನಲ್ಲಿ ನನ್ನ ಗುರುತು ಹತ್ತದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಆ ಮನೇಲಿ ಯಾರೂ ಇಲ್ಲಪ್ಪ,” ಅಂದರು.

ಮತ್ತೆ ಆ ಬೀಗ ನೋಡಿದೆ ಅಕ್ಕಾ. ಆಮೇಲೆ ಕೀಲಿಕೈ ತೆಗೆದು ಅವರಿಗೆ ತೋರಿಸಿದೆ.

“ನಾನಿದೀನಲ್ಲ ಅಜ್ಜಿ,” ಅಂದೆ. ಬೀಗ ತೆಗೆದು ಒಳಗೆ ಬಂದೆ.

ನಿನ್ನ ತಮ್ಮ